ಮೇಜಿನ ಸುತ್ತ ಒಂದು ತಾಳಮದ್ದಳೆ: ನಕ್ಷತ್ರಯಾನದ ಆಟ ನಡೆಸಿದ ಅನುಭವ

ಸಂಘದ ಸಭಾಗೃಹದಲ್ಲಿ ತಾಳಮದ್ದಳೆ ಕೇಳಿದವರಿಗೆ ಈ ಆಟವನ್ನು ವಿವರಿಸುವುದು ಕಷ್ಟವಲ್ಲ. ಪ್ರಸಂಗದ ಪದ್ಯ ಬರೆದಿಟ್ಟದ್ದು, ಅರ್ಥ ಮಾತ್ರ ಅರ್ಥಧಾರಿಯ ಸ್ವಂತದ್ದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ರಾವಣನಾಗಬಹುದು, ಅಂಗದನಾಗಬಹುದು. ಅಮೆರಿಕದಲ್ಲಿ 1974ರ 'ಡಂಜನ್ಸ್ ಅಂಡ್ ಡ್ರಾಗನ್ಸ್'ನಿಂದ ಆರಂಭಗೊಂಡ ರೋಲ್-ಪ್ಲೇಯಿಂಗ್ ಆಟಗಳೂ ಹೆಚ್ಚುಕಡಿಮೆ ಹೀಗೆಯೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಭಾಗವತರ ಸ್ಥಾನದಲ್ಲಿ ರೆಫರಿ ಎಂಬವನಿರುತ್ತಾನೆ.

ವಿಜ್ಞಾನ ಕಥೆಯ ಆಟಗಳಲ್ಲಿ ಹಿರಿಯದೆನ್ನಬಹುದಾದದ್ದು 'ಟ್ರಾವೆಲರ್'. ಮಾರ್ಕ್ ಮಿಲ್ಲರ್ ರಚಿಸಿದ ಇದನ್ನು ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಸಂಸ್ಥೆ 1977ರಲ್ಲಿ ಹೊರತಂದಿತು. ಬೇಕಾದುದು ಆರು ಮುಖದ ದಾಳಗಳು ಮಾತ್ರ. ಇದರ ನಾಯಕರು ಹರೆಯದ ವೀರರಲ್ಲ. ನೌಕಾದಳ, ಭೂಸೇನೆ, ವ್ಯಾಪಾರಿ ನೌಕೆಗಳಲ್ಲಿ ನಾಲ್ಕು ನಾಲ್ಕು ವರ್ಷಗಳ ಅವಧಿ ದುಡಿದು ಹೊರಬಂದವರು. ಮೂಲ ನಿಯಮದಂತೆ ಆ ಸೇವೆಯಲ್ಲೇ ದಾಳ ಕೈಕೊಟ್ಟರೆ ಆಟ ಆರಂಭವಾಗುವ ಮೊದಲೇ ಪಾತ್ರ ಸತ್ತುಹೋಗುತ್ತದೆ! ನಮ್ಮ ಬ್ಯಾಂಕ್ ಮಿತ್ರರೊಬ್ಬರು ಮೂವರನ್ನು ಕಳೆದುಕೊಂಡು ನಾಲ್ಕನೆಯವನನ್ನು ಉಳಿಸಿಕೊಂಡರು.

ನಾವು ಆರಿಸಿಕೊಂಡದ್ದು 1983ರಲ್ಲಿ ಪ್ರಕಟವಾದ 'ದಿ ಟ್ರಾವೆಲರ್ ಅಡ್ವೆಂಚರ್'. ತಿಂಗಳುಗಟ್ಟಲೆ ಆಡಬಹುದಾದ ಪ್ರಸಂಗ. 'ಮಾರ್ಚ್ ಹ್ಯಾರಿಯರ್' ಎಂಬ ಸರಕು ನೌಕೆಯ ಸಿಬ್ಬಂದಿ, ನಾಯಿಯ ವಂಶದಿಂದ ಬಂದ ವಾರ್ಗರ್ ಕುಲದ ಗ್ವೌಡ್ಜಾನ್, ಒಂದು ಬ್ರೂಚ್, ಎದುರಿಗೆ 'ಟುಕೇರಾ ಲೈನ್ಸ್' ಎಂಬ ಬಲಾಢ್ಯ ಸಾರಿಗೆ ಕಂಪನಿ.

ಮೊದಲ ಭಾನುವಾರವೇ ಎಡವಿದೆ. ಸಿಬ್ಬಂದಿ ಗ್ವೌಡ್ಜಾನ್‌ಗೆ ನೆರವಾದರೆ ಕಥೆ ಮುಂದೆ ಸಾಗುತ್ತದೆ. ನಮ್ಮವರಿಗೋ ಅವನ ಮೇಲೆ ನಂಬಿಕೆಯೇ ಬರಲಿಲ್ಲ. "ಈ ಉಸಾಬರಿ ನಮಗ್ಯಾಕೆ ಮಾರಾಯ್ರೆ, ಸರಕು ತುಂಬಿಸಿ ಹೊರಡುವ" ಎಂದರು. ನಾನು ಬಂದರು ಮುಚ್ಚಿಸಿದೆ, ಎಂಜಿನ್ ಕೆಡಿಸಿದೆ, ಪೊಲೀಸರನ್ನು ಕರೆಸಿದೆ. ಮುಂದಿನ ಪುಟಕ್ಕೆ ಹೋಗಲೇಬೇಕೆಂಬ ಹಠ. ಮೂರು ಗಂಟೆಯ ಬಳಿಕ ಎಲ್ಲರೂ ನಾನು ಬಯಸಿದ್ದನ್ನೇ ಮಾಡಿದರು, ಆದರೆ ಮೇಜಿನ ಸುತ್ತ ಮಾತು ನಿಂತಿತ್ತು. ಮರುವಾರ ಐವರಲ್ಲಿ ಇಬ್ಬರೇ ಬಂದರು.

ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ವಾದಿಸಿದರೂ ಕೊನೆಗೆ ರಾಮಬಾಣ ತಪ್ಪದು. ಇಲ್ಲಿ ತಪ್ಪಬಹುದು. ಈ ವ್ಯತ್ಯಾಸ ತಿಳಿಯಲು ನನಗೆ ಮೂರು ಖಾಲಿ ಕುರ್ಚಿಗಳು ಬೇಕಾದವು.

ಪುಸ್ತಕವನ್ನು ಮತ್ತೆ ಓದಿದೆ. ಈ ಸಲ ಘಟನೆಗಳ ಅನುಕ್ರಮವನ್ನು ಬದಿಗಿಟ್ಟು, ಯಾರಿಗೆ ಏನು ಬೇಕು ಎಂಬುದನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಆಗ ಕಂಡದ್ದೇನೆಂದರೆ, ಆಟಗಾರರನ್ನು ನಾನು ಎಳೆದು ತರಬೇಕಾಗಿಯೇ ಇರಲಿಲ್ಲ. ಆಟದ ನಿಯಮಗಳೇ ಆ ಕೆಲಸ ಮಾಡುತ್ತವೆ. ಮಾರ್ಚ್ ಹ್ಯಾರಿಯರ್ ಸರಕಾರಿ ಸಹಾಯಧನದ ನೌಕೆ. ಇಂಥ ನೌಕೆ ಒಟ್ಟು ಗಳಿಕೆಯ ಅರ್ಧವನ್ನು ಸರಕಾರಕ್ಕೆ ಕೊಟ್ಟು ಗೊತ್ತುಪಡಿಸಿದ ಮಾರ್ಗದಲ್ಲೇ ಸುತ್ತಬೇಕು. ಸ್ವಂತ ಸಾಲದ ನೌಕೆಯಾದರೆ ಬೆಲೆಯ 240ನೇ ಒಂದು ಭಾಗದಂತೆ 480 ತಿಂಗಳು ಕಂತು, ಅಂದರೆ ನಲವತ್ತು ವರ್ಷ. ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜಿಗಿತಕ್ಕೆ ಸುಮಾರು ಒಂದು ವಾರ. ಸುದ್ದಿಯೂ ನೌಕೆಯಲ್ಲೇ ಬರಬೇಕು. ಮಂಗಳೂರಿನಿಂದ ಸ್ಟೀಮರಿನಲ್ಲಿ ಬಂದಿಳಿದವರ ಬಾಯಲ್ಲಿ ಊರಿನ ಸಮಾಚಾರ ಕೇಳುತ್ತಿದ್ದ ಕಾಲದ ಹಾಗೆ. ಹೀಗಾಗಿ ಒಂದು ಬಂದರಿನಲ್ಲಿ ಬೇಡವೆಂದು ಬಿಟ್ಟ ವ್ಯವಹಾರ ನಾಲ್ಕು ವಾರದ ಬಳಿಕ ಮತ್ತೊಂದು ಬಂದರಿನಲ್ಲಿ ಎದುರಿಗೆ ನಿಲ್ಲಬಹುದು.

ಮೂವರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡೆ, ಮೊದಲಿನಿಂದ ಆಡೋಣ ಎಂದೆ. ಬಂದರು. ಗ್ವೌಡ್ಜಾನ್‌ನನ್ನು ಎರಡನೆಯ ಸಲವೂ ಹಿಂದೆ ಕಳುಹಿಸಿ ಸರಕು ತುಂಬಿದರು. ನಾನು ತುಟಿ ಬಿಚ್ಚಲಿಲ್ಲ. ಮೂರನೆಯ ಬಂದರಿನಲ್ಲಿ ಕಂಪನಿಯ ಇಬ್ಬರು ನೌಕೆಯ ಬಳಿ ಬಂದು, ಆ ವಾರ್ಗರ್ ನಿಮ್ಮೊಡನೆ ಏನು ಮಾತಾಡಿದ ಎಂದು ಬಹಳ ವಿನಯದಿಂದ ವಿಚಾರಿಸಿದರು. ಬ್ಯಾಂಕ್ ಮಿತ್ರರು ಚಹಾದ ಲೋಟ ಕೆಳಗಿಟ್ಟರು.

"ಅಲ್ಲ, ಆ ನಾಯಿಮೋರೆಯವ ಈಗ ಎಲ್ಲಿದ್ದಾನೆ?"

ಉತ್ತರ ಯಾವ ಪುಟದಲ್ಲೂ ಇರಲಿಲ್ಲ. ದಾಳ ಉರುಳಿಸಿದೆ.