ಫೇಲಾದ ಕಂಠ, ದೇಶವೇ ಕೇಳಿತು!

ಕಳೆದ ವರ್ಷ ಒಂದು ರೇಡಿಯೋ ಕೇಂದ್ರದ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನಿಗೆ ಮೈಕಾದರೂ ಅನ್ನ ಕೊಟ್ಟೀತು ಅಂತ ಆಸೆ. ಎರಡು ಪುಟ ಓದಿಸಿ, "ಓದೋದು ಪರವಾಗಿಲ್ಲ, ಆದ್ರೆ ನಿಮ್ಮ ಮಾತಲ್ಲಿ ಊರಿನ ವಾಸನೆ ಜಾಸ್ತಿ ಕಣ್ರೀ" ಅಂದರು. ಜೋಲು ಮೋರೆ ಹಾಕಿಕೊಂಡು ಬಸ್ ಹತ್ತಿದೆ.

ಮನೆಯಲ್ಲಿ ಅಪ್ಪ ನಕ್ಕುಬಿಟ್ಟರು. "ಅಮೀನ್ ಸಯಾನಿಗೇ ಹಂಗಂದಿದ್ರಂತೆ. ನೀನ್ಯಾವ ಸೀಮೆ ದೊಡ್ಡ ಮನುಷ್ಯನೋ?"

ಅಮೀನ್ ಸಯಾನಿ! ಆ ಹೆಸರು ಕೇಳಿದರೆ ನಮ್ಮ ಅಪ್ಪಂದಿರ ಕಿವಿ ಇವತ್ತಿಗೂ ನೆಟ್ಟಗಾಗುತ್ತದೆ. ಬುಧವಾರ ರಾತ್ರಿ 8 ಗಂಟೆ ಎಂದರೆ ಅವರಿಗೆ ಬಿನಾಕಾ ಗೀತ್‌ಮಾಲಾ. ಆದರೆ ಆ ಕಂಠದ ಮೊದಲ ಗತಿ ಏನಾಗಿತ್ತು ಗೊತ್ತೇ?

1932ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹುಡುಗ ಆಕಾಶವಾಣಿಯ ಹಿಂದಿ ವಿಭಾಗಕ್ಕೆ ಅರ್ಜಿ ಹಾಕಿದ. ಉಚ್ಚಾರಣೆಯಲ್ಲಿ ಗುಜರಾತಿ, ಇಂಗ್ಲಿಷ್ ಬೆರೆತಿದೆ ಎಂದು ವಾಪಸ್ ಕಳಿಸಿದರು. ಹುಡುಗ ಮುನಿಸಿಕೊಂಡು ಕೂರಲಿಲ್ಲ. ಅಣ್ಣ ಹಮೀದ್ ಆಗಲೇ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಹೆಸರು ಮಾಡಿದ್ದವರು. ಅವರ ಮಾತು ಕೇಳಿ, ರೇಡಿಯೋ ಸಿಲೋನಿಗೆ ಮುಂಬೈಯಲ್ಲಿ ನಡೆಯುತ್ತಿದ್ದ ಹಿಂದಿ ರೆಕಾರ್ಡಿಂಗ್‌ಗಳಿಗೆ ಹೋಗಿ ಕೂತ, ಕೇಳಿದ, ಕಲಿತ. ಒಂದು ದಿನ ಜಾಹೀರಾತು ಓದುವವನು ಕೈಕೊಟ್ಟ. ಪ್ರೇಕ್ಷಕರ ನಡುವಿನಿಂದ ಈ ಹುಡುಗನನ್ನು ಕರೆದರು. ಸಂಬಳ? ಓವಲ್ಟಿನ್ ಡಬ್ಬ!

ಅದೇ ಹೊತ್ತಿಗೆ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಲ್ಲಿ ಹಾಡುಗಳು ಕಾಣೆಯಾದವು, ಕೇಳುಗರೆಲ್ಲ ಸಿಲೋನಿಗೆ ತಿರುಗಿದರು. 1952ರ ಡಿಸೆಂಬರ್ 3ರಂದು ಗೀತ್‌ಮಾಲಾ ಶುರು. ವಾರಕ್ಕೆ 25 ರೂಪಾಯಿ. ಮೊದಲ ಕಂತಿಗೇ ಬಂದ ಕಾಗದಗಳು 9 ಸಾವಿರ! ಕಾರ್ಯಕ್ರಮ ನಡೆದದ್ದು 1994ರವರೆಗೆ.

ಗುಟ್ಟು ಕಂಠದ್ದಷ್ಟೇ ಅಲ್ಲ ಸ್ವಾಮಿ. ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯ ಮಾತಿನಂತೆ 'ರಹಬರ್' ಎಂಬ ಪತ್ರಿಕೆ ನಡೆಸುತ್ತಿದ್ದರು. ಹೊಸದಾಗಿ ಅಕ್ಷರ ಕಲಿತವರಿಗಾಗಿ, ನಾಗರಿ, ಉರ್ದು, ಗುಜರಾತಿ ಮೂರೂ ಲಿಪಿಗಳಲ್ಲಿ. ಮಗ ಅಲ್ಲಿ ಕೈಜೋಡಿಸುತ್ತಿದ್ದ. ಎಲ್ಲರಿಗೂ ತಿಳಿಯುವ ಮಾತು ಅವನಿಗೆ ದಕ್ಕಿದ್ದು ಅಲ್ಲೇ.

ಒಂದು ತಮಾಷೆ ಕೇಳಿ. ಮುಂದೊಂದು ದಿನ ಅಪಾಯಿಂಟ್‌ಮೆಂಟ್ ಇಲ್ಲದೆ ಒಬ್ಬ ಉದ್ದನೆಯ ಯುವಕ ಇವರಲ್ಲಿಗೆ ಬಂದ. ಪುರುಸೊತ್ತಿಲ್ಲ ಎಂದು ಇವರು ಧ್ವನಿ ಕೇಳದೆಯೇ ಸಾಗಹಾಕಿದರು. ಆತ ಅಮಿತಾಭ್ ಬಚ್ಚನ್! ಇದನ್ನು ಆಮೇಲೆ ಸಯಾನಿಯವರೇ ಹೇಳಿಕೊಂಡು ನಕ್ಕರು.

'ಭೂತ್ ಬಂಗ್ಲಾ', 'ತೀನ್ ದೇವಿಯಾಂ' ಚಿತ್ರಗಳಲ್ಲೂ ಅವರು ಮುಖ ತೋರಿಸಿದ್ದುಂಟು. ಆದರೆ ನನಗೆ ಹಿಡಿಸಿದ್ದು ಬೇರೆ. ಏಡ್ಸ್ ಎಂದರೆ ಜನ ಪಿಸುಗುಡುತ್ತಿದ್ದ ಕಾಲದಲ್ಲಿ 'ಸ್ವನಾಶ್' ಎಂಬ 13 ಕಂತುಗಳ ರೇಡಿಯೋ ಸರಣಿ ಮಾಡಿದರು. ನಿಜವಾದ ಪ್ರಕರಣಗಳು, ವೈದ್ಯರ ಮಾತು, ಸಮಾಜ ಸೇವಕರ ಮಾತು. ಮಾಡಿಸಿದ್ದು ಯಾರು? ಹಿಂದೊಮ್ಮೆ ಫೇಲು ಮಾಡಿದ್ದ ಅದೇ ಆಕಾಶವಾಣಿ!

2009ರಲ್ಲಿ ಪದ್ಮಶ್ರೀ ಬಂತು. 2024ರ ಫೆಬ್ರವರಿ 20ರಂದು, 91ರ ವಯಸ್ಸಿನಲ್ಲಿ ಆ ಧ್ವನಿ ನಿಂತಿತು.

ನಾನು ಮತ್ತೆ ಅರ್ಜಿ ಹಾಕಿದ್ದೇನೆ. ಅಲ್ಲಿಯವರೆಗೆ ದಿನಾ ರಾತ್ರಿ ನಾನು ಬರೆದದ್ದನ್ನು ಅವ್ವನಿಗೆ ಗಟ್ಟಿಯಾಗಿ ಓದುತ್ತೇನೆ. ಓದು ಬಾರದ ಅವ್ವ ಎಲ್ಲಿ "ಏನಂದ್ಯೋ?" ಅಂತಾಳೋ, ಅಲ್ಲಿ ಗೀಟು ಹಾಕುತ್ತೇನೆ.

ಈ ಲೇಖನದಲ್ಲಿ ಹಾಗೆ ಹಾರಿಹೋದ ಪದಗಳು ಏಳು.