ಅಟ್ಟದ ಗಂಟು



ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ತಂದೆ ಲಿಂಗೈಕ್ಯರಾದ ಮೇಲೆ ಮಕ್ಕಳು ಹಳೆಯ ಮನೆ ಖಾಲಿ ಮಾಡುತ್ತಿದ್ದರು. ನಾವು ಹೋದಾಗ ರೇಷ್ಮೆಹುಳದ ಚಂದ್ರಂಕಿ, ಹಿತ್ತಾಳೆ ಕೊಳಗ, ಕಂಬಳಿ ಅಂಗಳದಲ್ಲಿ ರಾಶಿ ಬಿದ್ದಿದ್ದವು. 'ಸತ್ತವರ ಸಾಮಾನು ಮೈಲಿಗೆ ಬುದ್ಧಿ, ಸುಟ್ಟುಬಿಡ್ತೀವಿ' ಎಂದ ಹಿರಿಯ ಮಗ. ಮಗಳು ಮಾತ್ರ ತಂದೆಯ ವಿಭೂತಿ ಗಟ್ಟಿಯನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು.

ನಮ್ಮ ಧರ್ಮವು ಪಂಚಸೂತಕಗಳನ್ನು ಒಪ್ಪುವುದಿಲ್ಲ. ಲಿಂಗವಂತನ ಮರಣವೇ ಸೂತಕವಲ್ಲವೆಂದ ಮೇಲೆ ಅವನು ಮುಟ್ಟಿದ ಕೊಳಗ ಮೈಲಿಗೆಯಾಗುವುದೆಂತು? ಇಷ್ಟಲಿಂಗವು ಅವನೊಡನೆ ಸಮಾಧಿ ಸೇರಿತು. ಉಳಿದುದು ಕಾಯಕದಿಂದ ಬಂದದ್ದು, ದಾಸೋಹಕ್ಕೆ ಸಲ್ಲಬೇಕಾದದ್ದು. ಕಂಬಳಿ ಚಳಿಯಲ್ಲಿರುವವನಿಗೆ, ಚಂದ್ರಂಕಿ ಹುಳ ಮೇಯಿಸುವ ಬಡವನಿಗೆ ಹೋಗಲಿ.

ಅಟ್ಟದ ಗಂಟನ್ನು ಬಿಚ್ಚದೆ ಗುಜರಿಗೆ ಹಾಕಬೇಡಿರಿ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಗಳನ್ನು ಕೂಡಿಸಿದ್ದರಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಆ ಓಲೆಗಳನ್ನು ಕಾಪಾಡಿದವರು ನಮ್ಮಂಥ ಮನೆಗಳ ಹಿರಿಯರೇ.

ಜಮೀನಿನ ಪತ್ರಗಳನ್ನು ಅಕ್ಕತಂಗಿಯರ ಮುಂದೆಯೇ ತೆಗೆಯಿರಿ. 2005ರ ಕಾಯ್ದೆ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಹೆಣ್ಣಿಗೂ ಲಿಂಗದೀಕ್ಷೆ ಕೊಟ್ಟ ಧರ್ಮದವರಿಗೆ ಇದು ಹೊಸ ಮಾತಲ್ಲ.

ಆ ದಿನ ಮಗಳು ಗಂಟು ಬಿಚ್ಚಿದಳು. ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಬರಗಾಲದಲ್ಲಿ ಯಾರಿಗೆ ಎಷ್ಟು ಸೇರು ರಾಗಿ ಕೊಟ್ಟರೆಂಬ ಬರಹ. ವಸೂಲಿಯ ಕಡೆ ಬರಿದು. ಓದಿದ ಹಿರಿಯ ಮಗ ಮಾತಾಡಲಿಲ್ಲ. ಕಂಬಳಿಯನ್ನು ಕೊಡವಿ, ಮಡಿಸಿ, ಪಕ್ಕದ ಮನೆಯ ಮುದುಕನಿಗೆ ತಾನೇ ಹೊದಿಸಿ ಬಂದ.

ಶಿವಾರ್ಪಣಮಸ್ತು.