ಎಂ.ಎ. ಆದ ಮೇಲೆ

ಕೊಪ್ಪದ ನಮ್ಮ ಮನೆಯ ಜಗಲಿಗೆ ಮೊನ್ನೆ ಪರಿಚಯದ ಹೊಗೆಸೊಪ್ಪಿನ ಬೇಸಾಯಗಾರರೊಬ್ಬರು ಬಂದು ಕುಳಿತರು. ಹರಾಜಿನ ದರ, ಬ್ಯಾರನ್ನಿಗೆ ಹಾಕುವ ಸೌದೆಯ ಬೆಲೆ, ಇವೆಲ್ಲ ಮುಗಿದ ಬಳಿಕ ಮಾತು ಮಗಳ ಕಡೆಗೆ ತಿರುಗಿತು. "ಹುಡುಗಿ ಎಮ್ಮೆ ಮುಗಿಸವ್ಳೆ ಮೇಷ್ಟ್ರೇ. ನಿಜವಾದ ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಹಾಲು ಕೊಡ್ತಿತ್ತು. ಇವಳು ಇನ್ನೂ ಓದ್ತೀನಿ ಅಂತಾಳೆ. ಯಾರು ಸಾಕೋದು ಹೇಳಿ?" ಎಂದರು. ನಗುತ್ತಲೇ ಕೇಳಿದ ಪ್ರಶ್ನೆ; ಆದರೆ ಆ ನಗೆಯ ಹಿಂದೆ ಸಾಲದ ಲೆಕ್ಕವಿತ್ತು, ಮದುವೆಯ ಯೋಚನೆಯೂ ಇತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆ ಮಾನಸಗಂಗೋತ್ರಿಗೆ ಮಕ್ಕಳನ್ನು ಕಳಿಸಿರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ.

ಓದುವವನನ್ನು ಊರು ಸಾಕುವ ಪದ್ಧತಿ ನಮ್ಮಲ್ಲಿ ಹೊಸದೇನೂ ಅಲ್ಲ. ವಾರಾನ್ನದ ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇವೆ. ಮಠಗಳೂ ವಿದ್ಯಾರ್ಥಿನಿಲಯಗಳೂ ಇಂದಿಗೂ ಆ ಕೆಲಸ ಮಾಡುತ್ತಿವೆ. ಆದರೆ ಪದವಿಯ ತನಕದ ಮಾತೇ ಬೇರೆ, ಅದರಾಚೆಯ ಮಾತೇ ಬೇರೆ. ಕುವೆಂಪು ಅವರು 1929ರಲ್ಲಿ ಎಂ.ಎ. ಮುಗಿಸಿದ ವರ್ಷವೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಇಂದು ಎಂ.ಎ.ಗೂ ಕೆಲಸಕ್ಕೂ ನಡುವೆ ಐದಾರು ವರ್ಷಗಳ ಹೊಳೆಯೊಂದಿದೆ. ಅದನ್ನು ದಾಟಲು ಹರಿಗೋಲು ಬೇಕು.

ಆ ಹರಿಗೋಲು ಸಿಕ್ಕರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯದೇ ಒಂದು ನಿದರ್ಶನ ಕೊಡುತ್ತೇನೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸರು ಬೊಂಬಾಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ, ನಮ್ಮ ಕಾವೇರಿಯ ಆಚೆ ದಡದ ಕೊಡಗಿನ ಜನಜೀವನವನ್ನು ಸಂಶೋಧನೆಗೆ ಆರಿಸಿಕೊಂಡರು. ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಅವರನ್ನು ಉಪನ್ಯಾಸಕರನ್ನಾಗಿ ನೇಮಿಸಿ, ಮೊದಲನೆಯ ವರ್ಷವೇ ಪಾಠದ ಹೊರೆ ಹೊರಿಸದೆ, ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಲು ಬಿಟ್ಟಿತು. ಅದು 1948ರ ಮಾತು. ಆ ಹಳ್ಳಿಯ ವಾಸದಿಂದ ಬಂದ ವಿಚಾರಗಳನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಹೊಟ್ಟೆಯ ಚಿಂತೆಯಿಲ್ಲದ ಒಂದು ವರ್ಷದ ಬೆಲೆಯನ್ನು ಇದರಿಂದ ತಿಳಿಯಬಹುದು.

ಇಂದು ಅಂಥ ಐದು ವರ್ಷಗಳನ್ನು ಕೊಡುವ ಏರ್ಪಾಡು ನಮ್ಮ ದೇಶದಲ್ಲಿಯೇ ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ವೇತನ. ಹುಡುಗರ ಬಾಯಲ್ಲಿ ಜೆ.ಆರ್.ಎಫ್. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ; ಕೆಲಸ ತೃಪ್ತಿಕರವೆಂದು ಕಂಡರೆ ಮುಂದಿನ ಮೂರು ವರ್ಷ 42,000. 2023ರ ಜನವರಿಯಿಂದ ಜಾರಿಗೆ ಬಂದ ದರಗಳಿವು. ಇದು ಸಾಲವಲ್ಲ, ತೀರಿಸಬೇಕಾದುದಿಲ್ಲ. ಜಗಲಿಯ ಮೇಲೆ ಈ ಅಂಕಿ ಹೇಳಿದಾಗ ನಮ್ಮ ಬೇಸಾಯಗಾರರು ಎಲೆಅಡಿಕೆಯ ಚೀಲವನ್ನು ಕೆಳಗಿಟ್ಟು ನೇರವಾಗಿ ಕುಳಿತರು.

ಇದಕ್ಕೆ ದಾರಿ ನೆಟ್ ಎಂಬ ಪರೀಕ್ಷೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಎಂ.ಎ.ಯಲ್ಲಿ ನೂರಕ್ಕೆ 55 ಅಂಕ ಬೇಕು; ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ 50 ಸಾಕು. ಕೊನೆಯ ವರ್ಷದಲ್ಲಿರುವಾಗಲೇ ಕೂರಬಹುದು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡವೂ ಒಂದು ವಿಷಯವಾಗಿರುವುದರಿಂದ ಎರಡನೆಯ ಪತ್ರಿಕೆಯನ್ನು ನಮ್ಮ ಮಕ್ಕಳು ನೀರು ಕುಡಿದಂತೆ ಬರೆಯಬಲ್ಲರು. ತೊಡಕಿರುವುದು ಮೊದಲನೆಯ ಪತ್ರಿಕೆಯಲ್ಲಿ. ಅದು ಬೋಧನೆ, ತರ್ಕ, ಲೆಕ್ಕ, ಪರಿಸರ ಮುಂತಾದ ಸಾಮಾನ್ಯ ವಿಷಯಗಳದು. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಪಂಪನನ್ನು ಅರೆದು ಕುಡಿದವರು ಶೇಕಡಾವಾರು ಲೆಕ್ಕದ ಇಂಗ್ಲಿಷಿನ ಮುಂದೆ ಸೋತು ಬರುವುದನ್ನು ಕಂಡಿದ್ದೇನೆ. ಇದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನ್ಯಾಯ ಬರುವ ತನಕ ದಿನಕ್ಕೊಂದು ಗಂಟೆ ಅದಕ್ಕೆಂದೇ ಅಭ್ಯಾಸ ಮಾಡದೆ ಬೇರೆ ಉಪಾಯವಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಿಹಿ ಹಿಡಿದು ಬಂದ. "ಸಾರ್, ನೆಟ್‌ಗೂ ಕೂರಬೇಕೇ?" ಎಂದು ಕೇಳಿದ. "ಸೆಟ್ ಆಯಿತಲ್ಲಪ್ಪ, ಇನ್ನೇಕೆ ಒದ್ದಾಟ?" ಎಂದುಬಿಟ್ಟೆ. ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಒಂದೇ ಅಲ್ಲ. ಸೆಟ್ ನಮ್ಮ ರಾಜ್ಯದ ಮಟ್ಟಿಗೆ ಸಹಾಯಕ ಪ್ರಾಧ್ಯಾಪಕನಾಗುವ ಅರ್ಹತೆಯನ್ನಷ್ಟೇ ಕೊಡುತ್ತದೆ. ಅದರಿಂದ ಸಂಶೋಧನ ವೇತನ ಬರುವುದಿಲ್ಲ. ಹುಡುಗ ಅತಿಥಿ ಉಪನ್ಯಾಸಕನಾಗಿ ದಿನ ದೂಡಿದ. ಜೆ.ಆರ್.ಎಫ್.ಗೆ ವಯಸ್ಸಿನ ಮಿತಿಯಿದೆಯೆಂದು, ಅದು ಮೂವತ್ತೆಂದು, ನಮ್ಮಿಬ್ಬರಿಗೂ ತಿಳಿಯುವ ಹೊತ್ತಿಗೆ ಅವನಿಗೆ ಮೂವತ್ತೊಂದು ತುಂಬಿತ್ತು. ಅವನು ಈಗಲೂ ಕಂಡಾಗ ಕೈಮುಗಿಯುತ್ತಾನೆ. ನನಗೇ ತಲೆಯೆತ್ತಿ ನೋಡುವುದು ಕಷ್ಟವಾಗುತ್ತದೆ.

ಆದುದರಿಂದ ತಾಯಿತಂದೆಗಳು ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಲಿ: ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ತಡೆಯಿಲ್ಲ, ಸಂಶೋಧನ ವೇತನಕ್ಕೆ ಉಂಟು. ಹೆಣ್ಣುಮಕ್ಕಳಿಗೂ, ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರಿಗೂ ಐದು ವರ್ಷಗಳ ರಿಯಾಯಿತಿಯಿದೆ. ಮಗಳಿಗೆ ಮೂವತ್ತೈದರ ತನಕ ಬಾಗಿಲು ತೆರೆದಿದೆಯೆಂಬುದು ಮದುವೆಯ ಮಾತುಕತೆಯಲ್ಲೂ ನೆನಪಿರಲಿ.

ಇನ್ನು ಕಾಗದಪತ್ರ. ನಮ್ಮಲ್ಲಿ ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. 2ಎ, 3ಎ ಎಂದು ರಾಜ್ಯದ ಉಪಯೋಗಕ್ಕೆ ತೆಗೆದುಕೊಂಡ ಪ್ರಮಾಣಪತ್ರ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರಿಂದ ಬೇರೆ ಪತ್ರ ಪಡೆಯಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲವೆಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಅರ್ಜಿಯ ಕಡೆಯ ದಿನ ನಾಡಕಚೇರಿಯ ಮುಂದೆ ನಿಂತರೆ ಯಾರು ತಾನೆ ಏನು ಮಾಡಿಯಾರು?

ನೆಟ್ ಒಂದೇ ದಾರಿಯೂ ಅಲ್ಲ. ಎಂ.ಎ. ಸೇರಿದ ಮೊದಲ ವರ್ಷದಲ್ಲೇ ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದ ಮೂಲಕ ಸ್ನಾತಕೋತ್ತರ ವೇತನಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ವರ್ಷದಲ್ಲಿ ಹತ್ತು ತಿಂಗಳು, ತಿಂಗಳಿಗೆ 15,000 ರೂಪಾಯಿ. ತರಗತಿಗೆ ಹೋಗಿ ಓದುವವರಿಗೆ ಮಾತ್ರ ಇದು, ದೂರಶಿಕ್ಷಣದವರಿಗಿಲ್ಲ. ಪರಿಶಿಷ್ಟ ಪಂಗಡದ ಸಂಶೋಧಕರಿಗೆಂದೇ ಕೇಂದ್ರದ ಬುಡಕಟ್ಟು ವ್ಯವಹಾರಗಳ ಮಂತ್ರಾಲಯ ವರ್ಷಕ್ಕೆ 750 ವೇತನಗಳನ್ನು ಇಟ್ಟಿದೆ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಬಂದು ಪದವಿ ಮುಟ್ಟಿದ ಮಕ್ಕಳಿಗೆ ಈ ಸುದ್ದಿ ತಲುಪಿಸುವುದು ಅಲ್ಲಿನ ಉಪಾಧ್ಯಾಯರ ಕೆಲಸ. ವಿಜ್ಞಾನ ಓದಿದವರಿಗೆ ಸಿ.ಎಸ್.ಐ.ಆರ್. ಹೆಸರಿನ ನೆಟ್ ಬೇರೆಯೇ ಇದೆ. ಆಹಾರ ಸಂಶೋಧನೆಗೆ ಹೆಸರಾದ ಸಿ.ಎಫ್.ಟಿ.ಆರ್.ಐ. ಮೈಸೂರಿನಲ್ಲೇ ಇರುವುದು ಅವರ ಪುಣ್ಯ. ಒಂದು ಎಚ್ಚರಿಕೆ: ಸಂಶೋಧನ ವೇತನದ ಹಣ ತಿಂಗಳ ಒಂದನೆಯ ತಾರೀಖಿಗೆ ಸಂಬಳದಂತೆ ಬಂದುಬಿಡುತ್ತದೆಂದು ಯಾರೂ ಭಾವಿಸಬಾರದು. ತಡವಾಗುವುದುಂಟು. ಮೊದಲ ಮೂರು ತಿಂಗಳ ಊಟ-ಬಾಡಿಗೆಗೆ ಮನೆಯವರು ಒತ್ತಾಸೆಯಾಗಿ ನಿಲ್ಲಬೇಕು.

ನಮ್ಮ ಬೇಸಾಯಗಾರರಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಎದ್ದು ಹೊರಟವರನ್ನು ತಡೆದು, "ಹುಡುಗಿಗೆ ಈಗ ಎಷ್ಟು?" ಎಂದೆ. ಬೆರಳು ಮಡಿಚಿ ಎಣಿಸಿದರು. "ಹೋದ ಯುಗಾದಿಗೆ ಇಪ್ಪತ್ತನಾಲ್ಕು ತುಂಬ್ತು ಮೇಷ್ಟ್ರೇ." ಸೋಮವಾರ ಬೆಳಗ್ಗೆ ಪಿರಿಯಾಪಟ್ಟಣದ ಬಸ್ಸಿಗೆ ಮೂವರೂ ಹೊರಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ, ಹುಡುಗಿ ಅಂಕಪಟ್ಟಿಗಳನ್ನು ತರುತ್ತಾಳೆ, ಅವರು ಜಾತಿಯ ಹಳೆಯ ದಾಖಲೆ ತರುತ್ತಾರೆ, ಅರ್ಜಿಯ ನಮೂನೆಯನ್ನು ತುಂಬುವ ಕೆಲಸ ನನ್ನದು.